ಖಡುವಿನ ಗುರುತು

ಮುಂಡಗೋಡ
೫ ಡಿಸೆಂಬರ್ ೨೦೦೪

ಸಮ್ರೀನ,

ನೀ ಕಳಿಸಿದ ಕಟಗಿ ತುಣುಕಿನ ಗಂಟು ಮುಟ್ಟಿತು. ಡ್ರೈವರ್ ದುರ್ಗಪ್ಪ ಬಸ್‌ಸ್ಟ್ಯಾಂಡಿನಾಗ ಹಾರ್ನ್ ಹೊಡದು ಹೊಡದು ನನ್ನ ಕರದ. "ಏನವ್ವಾ ತುಳಜಾ, ದಾಂಡೇಲಿಯಿಂದ ಕಟಗಿ ತರಿಸಿ ಒಲಿ ಹಚ್ಚತಿಯೇನು? ನಮ್ಮ ಮುಂಡಗೋಡದಾಗ ಕಟಗಿ ಸಿಗಂಗಿಲ್ಲೇನು?" ಅಂದ. ಬಸ್ಸಿನಾಗ ಕುಂತ ಮಂದಿ ಎಲ್ಲಾ ನಕ್ಕರು. ನಗಲಿ ಬಿಡು.

ನಿಮ್ಮ ಅಮ್ಮಿಗೆ, ನನ್ನ ಖಾಲಾಗ, ಶರಣು ಹೇಳು. ಒಂದೊಂದು ತುಣುಕಿನ ಹಿಂದ ಬೋರ್ಡಿಗೆ ಬರಿಯೂ ಖಡುವಿನಿಂದ ಎಷ್ಟ ಛಂದ ನಂಬರ ಬರದಾಳ! ನಾ ಏನು ಮಾಡಾಕ ಹತ್ತೇನಿ ಅಂತ ಆಕಿಗೆ ನೀ ಹೇಳಿದ್ದು ತಪ್ಪು, ಆಕಿ ನಾ ಪ್ಲೈವುಡ್ ಫ್ಯಾಕ್ಟರಿ ಹಾಕಾಕಿ ಅಂತ ತಿಳದಾಳಂತ. ಸರಿಯಾಗಿ ಹೇಳು. ಮರ ಸುಲದು ತಗದ ತೆಳ್ಳನ ಹಾಳಿ ನೋಡಿ ಇದು ಒಂದನೇ ನಂಬರ, ಇದು ಎರಡನೇದು, ಇದು ಮೂರನೇದು ಅಂತ ಖಾಲಾ ಫ್ಯಾಕ್ಟರಿ ಮೇಜಿನ ಮುಂದ ಕುಂತು ಹೇಳ್ತಾಳಲ್ಲ, ಅದನ್ನ ಕಂಪ್ಯೂಟರ್ ಹೇಳಬೇಕು. ಅದ ನನ್ನ ಎಂಸಿಎ ಪ್ರಾಜೆಕ್ಟು. ಆಕಿ ಗುರುತು ಹಾಕಿದ ತುಣುಕು ನಾ ಇಲ್ಲೆ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ತೋರಸ್ತೇನಿ, ಉತ್ತರ ಹೇಳಿಕೊಡ್ತೇನಿ. ನೋಡಿ ನೋಡಿ ಅದು ತಾನ ಕಲೀಬೇಕು.

ಕಲಸಾಕ ಧಾರವಾಡದ ಸೀನಿಯರ್ ಒಬ್ಬಾಕಿ ಸಿಡಿ ಮ್ಯಾಲ ಒಂದು ಲೈಬ್ರರಿ ಹಾಕಿ ಕೊಟ್ಟಾಳ. ಪುಸ್ತಕದ್ದಲ್ಲ ಮಾರಾಯ್ತಿ, ಯಾರೋ ಶಾಣ್ಯಾರು ಬರದಿಟ್ಟ ಪ್ರೋಗ್ರಾಮಿನ ಮೂಟಿ. ನಾವು ಅದನ್ನ ಕರದು ದುಡಿಸ್ಕೋಬೇಕು. ಕರದ್ರ ಓ ಅನ್ನಬೇಕಲ್ಲ! "ಕ್ಲಾಸ್ ಸಿಗಲಿಲ್ಲ", ಅಂದ್ರ ಕರದ ಪ್ರೋಗ್ರಾಮು ಕಾಣವಲ್ದು, ಅಂತ ಒಂದ ಸಾಲು ಬರದು ಬಾಯಿ ಮುಚ್ಚಿಕೋತೈತಿ. ಅದರ ಕಣ್ಣ ಮುಂದ ಇಟ್ಟೇನಿ, ಆದ್ರೂ ಸಿಗಂಗಿಲ್ಲಂತ. ಅಂದಾನೆಪ್ಪನ ಲಗ್ನಪತ್ರಿಕಿ ಅಂಗಡಿಯ ಕಂಪ್ಯೂಟರಿಗೆ ಎರಡು ಸಲ ಹೊಡದೇನಿ. ಅವನ ಪತ್ರಿಕಿ ಟೈಪ್ ಮಾಡಿ ಕೊಡ್ತೇನಿ ಅಂತ ಸುಮ್ನ ಅದಾನ.

ಜೂನಿನೊಳಗ ಇದು ಖಾಲಾ ಹೇಳಿದಂಗ ಹತ್ತಕ್ಕ ಒಂಬತ್ತರೆ ಹೇಳಲಿಲ್ಲಂದ್ರ ಕಾಲೇಜಿನ ಗೈಡ್ ಸರ್ ಸಹಿ ಹಾಕಂಗಿಲ್ಲ. ಸಹಿ ಇಲ್ಲಂದ್ರ ಸ್ಕಾಲರ್‌ಶಿಪ್ಪೂ ನಿಂತು ಹೋಗ್ತೈತಿ. ಇನ್ನೊಂದು ಗಂಟು ಕಳಸು.

ನಿನ್ನ
ತಲಿ ಕೆಟ್ಟ ತುಳಜಾ

*

ಅಂಬೇವಾಡಿ, ದಾಂಡೇಲಿ
೧೯ ಡಿಸೆಂಬರ್ ೨೦೦೪

ಲೇ ತುಳಜಾ,

ತಾಂಡಾಕ್ಕ ಒಂದು ಫೋನ್ ಹಾಕ್ಸ್ರಿ ಅಂತ ನಿಮ್ಮ ಪಂಚಾಯತಿಗೆ ಹೇಳು. ನನ್ನ ಟೈಪಿಂಗ್ ಕ್ಲಾಸಿನ ಹುಡುಗ್ಯಾರು, "ಮೇಡಂ, ಕಂಪ್ಯೂಟರ್ ಕಲಸಾಕಿ ಪೆನ್ನಿಲೆ ಪತ್ರ ಬರೀತಾಳ" ಅಂತ ಕಿಸಿಕಿಸಿ ನಗ್ತಾವ.

ಅಮ್ಮಿಗೆ ಎಲ್ಲಾ ತಿಳಿಸಿ ಹೇಳಿದೆ. "ಹಂಗಾರ ಮಷೀನು ಬಂದ್ರ ನಿಮ್ಮ ಕೆಲಸ ಹೋಗೂದಿಲ್ಲೇನು ಅಮ್ಮಿ?" ಅಂತ ನಾನ ಕೇಳಿದೆ. "ಎಂಟು ಫೂಟಿನ ಹಾಳಿ ಅಷ್ಟು ಸಣ್ಣ ಸ್ಕ್ಯಾನ್ ಡಬ್ಬಿ ಮ್ಯಾಲ ಯಾವಾಕಿ ಇಡ್ತಾಳ, ನಿನ್ನ ಗೆಳತಿಯೇನು?" ಅಂದ್ಲು. ಚಿಂತಿ ಇಲ್ಲ ಆಕಿಗೆ. ಮ್ಯಾಲ ಖುಷಿ ಬ್ಯಾರೆ. ಫ್ಯಾಕ್ಟರಿ ಮಾಲಕ ತುಣುಕು ಕೊಡಾಕ ಒಪ್ಪಿ ಪತ್ರ ಕೊಟ್ಟಾನಲ್ಲ, ಅದರಾಗ "ಗುರುತು ಹಾಕುವವರು: ಹಬೀಬಾ" ಅಂತ ಆಕಿ ಹೆಸರು ಟೈಪ್ ಆಗೇತಿ. ನನ್ನ ಕಡೆ ಮತ್ತ ಮತ್ತ ಓದಿಸ್ಕೊಂಡ್ಲು. ರಿಪೋರ್ಟಿನ ಒಂದು ಪ್ರತಿ ತನಗೂ ಕೊಡಬೇಕು ಅಂತ ಮಾಲಕ ಕರಾರು ಹಾಕ್ಯಾನ, ಮರೀಬ್ಯಾಡ.

ಫ್ಯಾಕ್ಟರಿಯಾಗ ಬ್ಯಾರೆ ಕೆಲಸಕ್ಕ ಪುರಸೊತ್ತು ಇರಂಗಿಲ್ಲ, ಅದಕ್ಕ ತುಣುಕು ಮನಿಗೆ ತಂದು ಸೂಟಿ ದಿನ ಗುರುತು ಹಾಕ್ತಾಳ. ಕಿಡಕಿ ಬಾಜೂಕ ಚಾಪಿ ಹಾಸಿಕೊಂಡು ಕುಂತ್ರ ನನ್ನನ್ನೂ ಹತ್ರ ಬಿಟ್ಟುಕೊಳ್ಳಂಗಿಲ್ಲ. ಆಕಿ ಗತ್ತು ನೋಡಬೇಕು ನೀ! ಹಾಳಿ ಮ್ಯಾಲ ಹೆಬ್ಬೆರಳು ಹಿಂಗ ಆಡಿಸಿ, ಕಣ್ಣು ಹಾಕೂದ ಬ್ಯಾಡ, ನಂಬರ ಬರದು ಒಗೀತಾಳ. ಇಷ್ಟು ವರ್ಷದ ರೂಢಿ ಅಂದ್ರ ಹಂಗ. ಅಕ್ಕಿ ಆರಸೂದು ಮಾತ್ರ ಈಗೀಗ ನನ್ನ ಕೊರಳಿಗೆ ಕಟ್ಯಾಳ, "ಮುದುಕಿ ಆದೆ, ಇನ್ನ ಹಳ್ಳು ನೀ ಹುಡುಕು" ಅಂತ.

ಇದರ ಜೋಡಿ ದೊಡ್ಡ ಗಂಟು ಐತಿ. ದುರ್ಗಪ್ಪಗ ಚಾ ಕುಡಿಸು.

ನಿನ್ನ
ಸಮ್ರೀನ

*

ಮುಂಡಗೋಡ
೨೩ ಜನವರಿ ೨೦೦೫

ಸಮ್ರೀನ,

ಓಡಿತು! ಕಡೀಗೂ ಓಡಿತು! ಸಿಡಿಯಿಂದ ಇಳಿಸಿಕೊಂಡ ಮೂಟಿ ಯಾವ ಫೋಲ್ಡರಿನಾಗ ಐತಿ ಅಂತ ಕಂಪ್ಯೂಟರಿಗೆ ಬ್ಯಾರೆ ಕಡೆ ಬರದು ಹೇಳಬೇಕಿತ್ತಂತ. ಅದನ್ನ ಎಲ್ಲೂ ಬರದಿಲ್ಲ ಪುಣ್ಯಾತ್ಮರು. ಸಂಗಡ ಕೊಟ್ಟ ಪುಸ್ತಕದಾಗ "ಇದು ನಿಮಗ ಗೊತ್ತೇ ಇರ್ತೈತಿ" ಅನ್ನೂ ಧಾಟಿ. ಗೊತ್ತಿದ್ರ ನಿನ್ನ ಪುಸ್ತಕ ಯಾಕ ತೆರೀತಿದ್ದೆ ಮಾರಾಯಾ?

ಆಮ್ಯಾಲ ಹಾಳಿ. ಒಂದೊಂದು ತುಣುಕು ಸ್ಕ್ಯಾನ್ ಮಾಡಿ, ಎಷ್ಟು ಕಪ್ಪು, ಎಷ್ಟು ಬಿಳಪು, ಗಂಟು ಎಷ್ಟು, ಬಿರುಕು ಎಷ್ಟು ಅಂತ ಅಂಕಿ ತಗದು, ಸಾಲಾಗಿ ಬರದು, ಕಡೀಗೆ ಖಾಲಾ ಹಾಕಿದ ನಂಬರ. ಒಂದು ಅಲ್ಪವಿರಾಮ ತಪ್ಪಿದ್ರ ಇಡೀ ಫೈಲ್ ಒಲ್ಲೆ ಅಂತೈತಿ. ಯಾವ ಸಾಲಿನಾಗ ಅಂತ ಹೇಳಂಗಿಲ್ಲ, ನಮ್ಮ ಸ್ವಾದರತ್ತಿ ಸಿಟ್ಟಾದಂಗ. ಮೂತಿ ತಿರುವಿ ಕುಂಡ್ರತೈತಿ, ಕಾರಣ ನಾವ ಹುಡುಕಬೇಕು. ಮ್ಯಾಲ ಲಗ್ನದ ಸೀಜನ್. ನಾ ಸಾಲು ತಿದ್ದಾಕ ಕುಂತ್ರ, ಅಂದಾನೆಪ್ಪ ಹಿಂದ ನಿಂತು "ತಂಗಿ, ಹುಡುಗಿ ಹೆಸರು ಬದಲಿ ಆಗೇತಿ, ಅದನ್ನಷ್ಟು ಮೊದಲ ಮಾಡು" ಅಂತಾನ.

ಇಷ್ಟೆಲ್ಲಾ ಆಗಿ ಓಡಿತು. ಓಡಿ ಏನಂತು ಗೊತ್ತೇನು? ಕೆಲವು ತುಣುಕು ಮುಚ್ಚಿಟ್ಟು, ಇವು ಯಾವ ನಂಬರ ಹೇಳು ಅಂತ ಕೇಳಿದೆ. ಕಣ್ಣು ಮುಚ್ಚಿ ಚೀಟಿ ಎತ್ತಿದ್ರ ಎಷ್ಟು ಸರಿ ಬರ್ತಿತ್ತೋ ಅದಕ್ಕಿಂತ ಚೂರು ಹೆಚ್ಚು, ಅಷ್ಟ. ಅಳು ಬಂತು ನನಗ. ಅಂಗಡಿಯಾಗ ಮಂದಿ ಇದ್ರು ಅಂತ ಅಳಲಿಲ್ಲ.

ಕಲಿಸೂ ಪದ್ಧತಿ ಈ ಮೂಟಿಯಾಗ ಬೇಕಾದಷ್ಟು ಅದಾವ. ಒಂದಾದ ಮ್ಯಾಲ ಒಂದು ಹಚ್ಚಿ ನೋಡ್ತೇನಿ. ಎಲ್ಲಿ ಹೋಗ್ತೈತಿ ಇದು!

ತುಳಜಾ

*

ಮುಂಡಗೋಡ
೨೭ ಫೆಬ್ರವರಿ ೨೦೦೫

ಸಮ್ರೀನ,

ನೀ ಉತ್ತರ ಬರಿಯೂ ಮೊದಲ ಮತ್ತ ಬರೀತೇನಿ, ತಡಿಯಾಕ ಆಗವಲ್ದು.

ಎಲ್ಲಾ ಪದ್ಧತಿ ಮುಗದುವು. ಒಂದೂ ಕಲಿಯವಲ್ದು. ಲೈಬ್ರರೀನ ಕೆಟ್ಟೈತಿ ಅಂತ ಅದರ ಜೋಡಿ ಬಂದ ಹೂವಿನ ಉದಾಹರಣಿ ಓಡಿಸಿದೆ, ಎಸಳಿನ ಅಳತಿ ನೋಡಿ ಹೂವಿನ ಜಾತಿ ಹೇಳೂದು. ಪಟಪಟ ಸರಿ ಹೇಳಿತು. ಹೂವು ಕಲೀತೈತಿ, ಹಾಳಿ ಕಲಿಯಂಗಿಲ್ಲ. ಅಂಕಿ ತಗಿಯೂದ ತಪ್ಪೇನೋ ಅಂತ ಮೊದಲಿಂದ ಎಲ್ಲಾ ಮತ್ತ ತಗದೆ. ನಮ್ಮವ್ವ ಕಮಲಿಬಾಯಿ, "ಆ ಡಬ್ಬಿಗೆ ದೃಷ್ಟಿ ತಗಿ, ಆಮ್ಯಾಲ ನಿನಗ ತಗೀತೇನಿ" ಅಂದ್ಲು. ತಗಿಸ್ಕೊಂಡೆ ನೋಡು, ಆ ಮಟ್ಟಕ್ಕ ಬಂದೇನಿ.

ಮೊನ್ನೆ ಇನ್ನೊಂದು ಮಾಡಿದೆ. ಬಿಸಿಎ ಪರೀಕ್ಷಾಕ್ಕ ಓದಾಕ ನಿಮ್ಮನ್ಯಾಗ ಇದ್ದಾಗ ಖಾಲಾ ನನಗ ಕಲಿಸಿದ್ಲಲ್ಲ, ಸ್ವಚ್ಛ ಇದ್ದದ್ದು ಒಂದು, ಸಣ್ಣ ಗಂಟು ಇದ್ದದ್ದು ಎರಡು, ಕಪ್ಪು ಕಲಿ ಇಲ್ಲಾ ಬಿರುಕು ಇದ್ರ ಮೂರು ಅಂತ. ಆ ಲೆಕ್ಕದಾಗ ನಾನ ಎಲ್ಲಾ ತುಣುಕಿಗೂ ನಂಬರ ಹಾಕಿ ಓಡಿಸಿದೆ. ಕಲಿತು ಸಮ್ರೀನ. ಒಂದ ಮಧ್ಯಾಹ್ನದಾಗ ಕಲಿತು. ಸರ್‌ಗೆ ತೋರಿಸಿದ್ರ, "ನಿನ್ನ ಗುರುತು ನಿನ್ನ ಮಷೀನು ಒಪ್ಪಿದ್ರ ಏನು ಬಂತು? ಫ್ಯಾಕ್ಟರಿ ಗುರುತು ಬೇಕು" ಅಂದ್ರು.

ಅಂದ್ರ ತಪ್ಪು ಇರೂದು ಖಡುವಿನ ಗುರುತಿನಾಗ. ಒಂದ ಹಾಳಿ ಕತ್ತರಿಸಿದ ಎರಡು ತುಣುಕು ಅದಾವ ನನ್ನ ಹತ್ರ, ಕಪ್ಪು ಕಲಿ ಇದ್ದದ್ದರ ಹಿಂದ ಒಂದು ಅಂತ ಐತಿ, ಸ್ವಚ್ಛ ಇದ್ದದ್ದರ ಹಿಂದ ಮೂರು. ಖಾಲಾ ಪುಕ್ಕಟೆ ಕೆಲಸ ಅಂತ ಬೇಕಾಬಿಟ್ಟಿ ಬರದು ಕಳ್ಸ್ಯಾಳೇನು? ಬ್ಯಾಸರಾಗಿದ್ರ ಮೊದಲ ಹೇಳಬೇಕಿತ್ತು. ನನ್ನ ಮೂರು ತಿಂಗಳು ಮಣ್ಣಪಾಲಾತು.

ತುಳಜಾ

*

ದಾಂಡೇಲಿ
೬ ಮಾರ್ಚ್ ೨೦೦೫

ತುಳಜಾ,

ನಿನ್ನ ಪತ್ರ ಓದಿದೆ. ಅಮ್ಮಿಗೆ ಓದಿ ಹೇಳಲಿಲ್ಲ, ಹೇಳೂಹಂಗೂ ಇಲ್ಲ.

ಅಬ್ಬಾ ಹೋದ ಮ್ಯಾಲ ಆ ಮೇಜಿನ ಮುಂದ ಕುಂತು ನನ್ನ ಓದಿಸ್ಯಾಳ. ವಾರದಾಗ ಒಂದ ಸೂಟಿ, ಅದೂ ನಿನಗ ಕೊಟ್ಲು. ಒಂದು ದಿನ ಬ್ಯಾಸರ ಅಂದಿಲ್ಲ. ನಿನ್ನ ಡಬ್ಬಿ ಕಲಿಯಲಿಲ್ಲ ಅಂತ ನಮ್ಮ ಅಮ್ಮಿ ಬೇಕಾಬಿಟ್ಟಿ ಆದ್ಲೇನು? ನಮ್ಮನ್ಯಾಗ ಉಂಡು ಹೋದಾಕಿ ಈ ಮಾತು ಬರದ್ಯಲ್ಲ, ನಾಚಿಕಿ ಆಗಬೇಕು ನಿನಗ.

ಇನ್ನ ಗಂಟು ಬರಂಗಿಲ್ಲ.

ಸಮ್ರೀನ

*

ಮುಂಡಗೋಡ
೨೦ ಮಾರ್ಚ್ ೨೦೦೫

ಸಮ್ರೀನ,

ಬೇಕಾಬಿಟ್ಟಿ ಅಂದದ್ದು ತಪ್ಪು. ಸಿಟ್ಟಿನಾಗ ಕೈ ಓಡಿತು. ಹೊಡಿ ಬೇಕಾದ್ರ, ಬಸ್ ಹತ್ತಿ ಬರ್ತೇನಿ.

ಆದ್ರ ನನ್ನ ಪ್ರಶ್ನೆ ತಪ್ಪಲ್ಲ. ಆ ಎರಡು ತುಣುಕು ದುರ್ಗಪ್ಪನ ಕೈಯಾಗ ಕಳ್ಸೇನಿ. ಖಡು ಒರಸೇನಿ. ಖಾಲಾನ ಮುಂದ ಎರಡೂ ಜೋಡಿಸಿ ಇಡು, ಯಾವ ನಂಬರ ಅಂತ ಕೇಳು. ಏನಂತಾಳೋ ಅಷ್ಟ ಬರಿ. ನಾ ಮತ್ತೇನೂ ಕೇಳಂಗಿಲ್ಲ.

ತುಳಜಾ

*

ದಾಂಡೇಲಿ
೧೦ ಏಪ್ರಿಲ್ ೨೦೦೫

ತುಳಜಾ,

ಇಷ್ಟು ದಿನ ಯಾಕ ಬರೀಲಿಲ್ಲ ಅಂದ್ರ, ಹೆಂಗ ಬರೀಬೇಕು ತಿಳೀಲಿಲ್ಲ.

ಎರಡೂ ತುಣುಕು ಅಮ್ಮಿ ಮುಂದ ಇಟ್ಟೆ. ಹೆಬ್ಬೆರಳು ಆಡಿಸಿದ್ಲು. "ಎರಡೂ ಒಂದನೇ ನಂಬರ. ನುಣ್ಣಗದಾವ" ಅಂದ್ಲು. ನಾ ನೋಡಾಕ ಹತ್ತೇನಿ, ಒಂದರ ನಟ್ಟ ನಡುವ ಬಾಳಿಹಣ್ಣಿನಷ್ಟು ಉದ್ದ ಕಪ್ಪು ಕಲಿ ಐತಿ. "ಅಮ್ಮಿ, ಈ ಕಲಿ?" ಅಂದೆ. "ಯಾವ ಕಲಿ?" ಅಂದ್ಲು. ನಾ ಬೆರಳು ಇಟ್ಟು ತೋರಿಸಿದೆ. ಆಕಿ ನನ್ನ ಬೆರಳು ಮುಟ್ಟಿ ನೋಡಿದ್ಲು ತುಳಜಾ, ಕಲಿ ನೋಡಲಿಲ್ಲ. ಗಂಟು ಬೆರಳಿಗೆ ಸಿಗ್ತೈತಿ, ಬಣ್ಣ ಸಿಗಂಗಿಲ್ಲ.

ಆಮ್ಯಾಲ ಎಲ್ಲಾ ಹೇಳಿದ್ಲು. ಎರಡು ವರ್ಷ ಆತಂತ, ಎರಡೂ ಕಣ್ಣಿಗೆ ಪೊರಿ. ಫ್ಯಾಕ್ಟರಿಯಾಗ ಬಾಜೂಕ ಕುಂಡ್ರೂ ಶಂಕ್ರವ್ವ ನೋಡಿ ಹೇಳ್ತಾಳ. ಬಾಯಿಂದ ಅಲ್ಲ, ಸುಪರ್‌ವೈಜರ್ ಅಲ್ಲೇ ಅಡ್ಡಾಡ್ತಿರ್ತಾನ. ಹಾಳಿ ಅಮ್ಮಿ ಮುಂದ ಬಂದ ಕೂಡ್ಲೆ ಶಂಕ್ರವ್ವ ಕೈಯಾಗಿನ ಗಾಜಿನ ಬಳಿ ಮೇಜಿಗೆ ಬಡೀತಾಳ. ಒಂದು ಬಡದ್ರ ಒಂದನೇದು, ಎರಡು ಬಡದ್ರ ಎರಡನೇದು, ಸುಮ್ಮನಿದ್ರ ಮೂರನೇದು. ಮೇಜಿನ ಹೆಣ್ಮಕ್ಕಳಿಗೆಲ್ಲಾ ಗೊತ್ತು, ಒಬ್ಬಾಕಿನೂ ಬಾಯಿ ಬಿಟ್ಟಿಲ್ಲ. ನನಗ ಒಬ್ಬಾಕಿಗೆ ಗೊತ್ತಿಲ್ಲ, ಒಂದ ಮನ್ಯಾಗ ಇದ್ದಾಕಿಗೆ! ಅಕ್ಕಿ ಆರಸೂದು ಬಿಟ್ಟಾಗರ ತಿಳೀಬೇಕಿತ್ತು.

ನಿನ್ನ ತುಣುಕಿಗೆ ಮನ್ಯಾಗ ಗುರುತು ಹಾಕಬೇಕಾತು. ಅಲ್ಲಿ ಶಂಕ್ರವ್ವ ಎಲ್ಲಿಂದ ಬರಬೇಕು? ನುಣ್ಣಗಿದ್ದದ್ದಕ್ಕೆಲ್ಲಾ ಒಂದ ಬರದ್ರ ಸಂಶಯ ಬರ್ತೈತಿ ಅಂತ ನಡುನಡುವ ಅಂದಾಜಿಲೆ ಎರಡು, ಮೂರು ಹಾಕ್ಯಾಳ. ಆಗೂದಿಲ್ಲ ಅನ್ನಬೇಕಿತ್ತು ಅಮ್ಮಿ, ಅನ್ನಲಿಲ್ಲ. "ತುಳಜಾ ಬಾಯಿ ಬಿಟ್ಟು ಕೇಳ್ಯಾಳ, ಹೆಂಗ ಒಲ್ಲೆ ಅನ್ಲಿ?" ಅಂತಾಳ.

ಈಗ ನಾ ಕೇಳೂದು ಒಂದು. ಇದನ್ನ ರಿಪೋರ್ಟಿನಾಗ ಬರದ್ರ ಮಾಲಕನ ಕೈಗೆ ಪ್ರತಿ ಹೋಗ್ತೈತಿ. ಮರುದಿನ ಅಮ್ಮಿ ಮನ್ಯಾಗ. ಆಕಿಗೆ ಆ ಮೇಜು ಅಂದ್ರ ಪಗಾರ ಒಂದ ಅಲ್ಲ. ಬರೀಬ್ಯಾಡ ಅಂತ ಹೇಳೂ ಹಕ್ಕು ನನಗಿಲ್ಲ, ಹೋದ ಸಲ ಹಂಗ ಬರದಾಕಿ ನಾ. ಆದ್ರೂ ಕೇಳ್ತೇನಿ.

ಸಮ್ರೀನ

*

ಮುಂಡಗೋಡ
೨೯ ಮೇ ೨೦೦೫

ಸಮ್ರೀನ,

ನಿನ್ನ ಪತ್ರ ಓದಿ ಎರಡು ದಿನ ಉಣ್ಣಲಿಲ್ಲ. ಪುಣ್ಯದ ಮಾತಲ್ಲ, ಸಿಟ್ಟಿಗೆ. ನಿನ್ನ ಮ್ಯಾಲ ಸಿಟ್ಟು, ಖಾಲಾನ ಮ್ಯಾಲ ಸಿಟ್ಟು, ಆ ಲೈಬ್ರರಿ ಮ್ಯಾಲ ಎಲ್ಲಾಕ್ಕಿಂತ ಹೆಚ್ಚು. ಅದು ಮೊದಲ ದಿನದಿಂದ ಖರೇನ ಹೇಳಾಕ ಹತ್ತಿತ್ತು, "ಈ ಗುರುತಿಗೆ ರೂಲು ಇಲ್ಲ" ಅಂತ. ನಾ ಅದನ್ನ ಹೊಡದೆ.

ಧಾರವಾಡಕ್ಕ ಹೋಗಿ, ಗುರುತು ನಂಬೂಹಂಗ ಇಲ್ಲ ಅಂತಷ್ಟ ಸರ್‌ಗೆ ಹೇಳಿದೆ, ಯಾಕ ಅಂತ ಹೇಳಲಿಲ್ಲ. ಅವರ ಮುಖ ಅರಳಿತು. "ಛಲೋ ಆತಲ್ಲ! ಗುರುತು ಹಾಕುವವರ ತಪ್ಪು ಅಂತ ಒಂದು ಅಧ್ಯಾಯ ಬರಿ, ಜೂನಿನಾಗ ಸಹಿ ಹಾಕ್ತೇನಿ" ಅಂದ್ರು. ಕೇಳಿದ್ಯೇನು? ಒಂದ ಅಧ್ಯಾಯ. ಅಂಗಡಿಗೆ ಬಂದು ಟೈಪ್ ಮಾಡಾಕ ಕುಂತೆ. "ಗುರುತು ಹಾಕುವವರು: ಹಬೀಬಾ" ಅಂತ ಮೊದಲ ಸಾಲು. ಮುಂದಿನ ಸಾಲು ಬರೀಲಿಲ್ಲ. ನಿಮ್ಮನ್ಯಾಗ ಉಂಡದ್ದು ನೆನಪಾತು ಅಂತ ತಿಳೀಬ್ಯಾಡ, ಉಂಡದ್ದು ನೀ ಎಣಿಸಿ ತೋರಿಸಿದ್ದು ಇನ್ನೂ ಉರೀತೈತಿ. ಬರಿಯಾಕ ಆಗಲಿಲ್ಲ, ಅಷ್ಟ.

ಶಂಕ್ರವ್ವನ ಕಡೆ ಮಾಡಿಸಬೇಕಂದ್ರ ಮಾಲಕನ ಪತ್ರದಾಗ ಖಾಲಾನ ಹೆಸರೈತಿ, ಯಾಕ ಬದಲಿ ಅಂತ ಕೇಳ್ತಾನ. ಅದಕ್ಕ ಪ್ರಾಜೆಕ್ಟು ಆರು ತಿಂಗಳು ಮುಂದ ಹಾಕಿಸ್ಕೊಂಡೆ. ಸ್ಕಾಲರ್‌ಶಿಪ್ ನಿಂತೈತಿ. ಜೋಡಿ ಇದ್ದವರೆಲ್ಲಾ ಪಾಸಾಗಿ ಹೋಗ್ತಾರ, ನಾ ಅಂದಾನೆಪ್ಪನ ಅಂಗಡಿಯಾಗ ಮಂದಿ ಲಗ್ನ ಟೈಪ್ ಮಾಡ್ತೇನಿ. ನನಗ ಬ್ಯಾಸರಾಗೇತಿ, ಆಗಿಲ್ಲ ಅಂತ ಸುಳ್ಳು ಬರಿಯಂಗಿಲ್ಲ.

ಈಗ ನೀ ಒಂದು ಮಾಡಬೇಕು. ಹಳಿಯಾಳದಾಗ ಬರೂ ತಿಂಗಳು ಕಣ್ಣಿನ ಕ್ಯಾಂಪ್ ಐತಿ, ಪೊರಿ ಪುಕ್ಕಟೆ ತಗೀತಾರ. ಖಾಲಾನ ಕರಕೊಂಡು ಹೋಗು. ಒಲ್ಲೆ ಅಂದ್ರ ನಾನ ಬಂದು ಎತ್ತಿ ಬಸ್ಸಿಗೆ ಹಾಕ್ತೇನಿ.

ತುಳಜಾ

*

ದಾಂಡೇಲಿ
೩ ಜುಲೈ ೨೦೦೫

ತುಳಜಾ,

ನೀ ಬರೂ ಜರೂರಿ ಬೀಳಲಿಲ್ಲ. "ತುಳಜಾ ಎತ್ತಿ ಹಾಕ್ತಾಳಂತ" ಅಂದ ಕೂಡ್ಲೆ ಚಪ್ಪಲಿ ಹಾಕ್ಕೊಂಡ್ಲು. ನಮ್ಮ ಜಾಹಿದಭಾಯಿ ಗ್ಯಾರೇಜ್ ಹಳಿಯಾಳದಾಗ ಐತಲ್ಲ, ಅವನ ಖೋಲಿಯಾಗ ಉಳಕೊಂಡು ಒಂದು ಕಣ್ಣು ಆತು. ಇನ್ನೊಂದು ಆಮ್ಯಾಲಂತ. ಫ್ಯಾಕ್ಟರಿಗೆ ಜ್ವರ ಅಂತ ಸೂಟಿ ಹಾಕೇನಿ.

ಕರೇ ಚಷ್ಮಾ ಹಾಕ್ಕೊಂಡು ಮನಿ ತುಂಬ ಅಡ್ಡಾಡಿ ನನ್ನ ಬೈತಾಳ. ಗ್ವಾಡಿ ಮ್ಯಾಲ ಇಷ್ಟು ಬೂಷ್ಟು, ಪಾತೇಲಿ ತಳಾ ಇಷ್ಟು ಕಪ್ಪು, ನಿನ್ನ ಯಾರು ಮಾಡ್ಕೋತಾರ, ಅಂತ. ಕಾಣದಿದ್ದಾಗ ಎಷ್ಟು ಸುಖ ಇತ್ತು ನನಗ!

ನಿನ್ನ ಹಳೇ ಗಂಟು ಕಳಸಂತ. ತನ್ನ ಗುರುತು ತಾನ ತಿದ್ದತಾಳಂತ. ಉಂಡದ್ದು ಅಂದದ್ದಕ್ಕ ನಾ ಅಂಗಡಿ ಮುಂದ ನಿಂತು ಕಿವಿ ಹಿಡಕೋತೇನಿ, ಬೇಕಾದ್ರ ಅಂದಾನೆಪ್ಪನ ಕರಿ.

ಸಮ್ರೀನ

*

ಮುಂಡಗೋಡ
೪ ಸೆಪ್ಟೆಂಬರ್ ೨೦೦೫

ಹಬೀಬಾ ಖಾಲಾಗ ತುಳಜಾನ ಶರಣು.

ಈ ಸಲ ನಿಮಗ ಬರೀತೇನಿ, ಈಗ ಓದಾಕ ಬರ್ತೈತಲ್ಲ. ನೀವು ತಿದ್ದಿ ಕಳಿಸಿದ ಗುರುತು ಹಾಕಿ ಓಡಿಸಿದೆ. ಮಷೀನು ಕಲಿತ್ರಿ. ಹೆಚ್ಚೂ ಕಡಿಮಿ ಎಲ್ಲಾ ನೀವು ಅಂದಂಗ ಅಂತೈತಿ. ಇಷ್ಟಕ್ಕ ನಾ ಹತ್ತು ತಿಂಗಳು ಅದರ ಕೂಡ ಗುದ್ದಾಡೇನಿ. ಖುಷಿ ಪಡಬೇಕೋ, ತಲಿ ಗ್ವಾಡಿಗೆ ಬಡಕೋಬೇಕೋ ತಿಳಿಯವಲ್ದು. ಡಿಸೆಂಬರಿನಾಗ ಸಹಿ ಹಾಕ್ತೇನಿ ಅಂದಾರ ಸರ್.

ಆದ್ರ ಕೆಂಪು ದಾರದ ಕಟ್ಟು ಒಂದು ಐತ್ರಿ, ಅದರದ್ದು ಮಾತ್ರ ಹಳೇ ರೋಗ. ಕಲಿ ಇದ್ದದ್ದಕ್ಕ ಒಂದು, ಸ್ವಚ್ಛ ಇದ್ದದ್ದಕ್ಕ ಎರಡು. ಖಡು ಒತ್ತಿ ಬರದ ರೀತಿನೂ ನಿಮ್ಮದಲ್ಲ. ಅದನ್ನ ಯಾರು ಮಾಡ್ಯಾರ? ವಾಪಸ್ ಕಳ್ಸೇನಿ, ಇನ್ನೊಮ್ಮೆ ನೋಡ್ರಿ.

ನಿಮ್ಮ
ತುಳಜಾ

*

ದಾಂಡೇಲಿ
೧೮ ಸೆಪ್ಟೆಂಬರ್ ೨೦೦೫

ತುಳಜಾ ಬೇಟಿಗೆ ಹಬೀಬಾ ಖಾಲಾನ ದುವಾ.

ಸಾಲಿಯಾಗ ನಾಲ್ಕನೇತ್ತೆ ಮುಗಿಸಿದ ಮ್ಯಾಲ ಇಷ್ಟು ಉದ್ದ ಬರದಿಲ್ಲ. ಅಕ್ಷರ ದೊಡ್ಡು ಅದಾವ ಅಂತ ನಗಬ್ಯಾಡ. ಸಮ್ರೀನ ಕ್ಲಾಸಿಗೆ ಹೋಗ್ಯಾಳ, ಆಕಿ ಬರೂದರೊಳಗ ಮುಗಸ್ತೇನಿ.

ನನ್ನ ಹಳೇ ಗುರುತು ನಾನ ನೋಡಿದೆ. ಯಾವ ಕುರುಡಿ ಬರದಾಳ ಇದನ್ನ ಅಂತ ಬಾಯಿಗೆ ಬಂತು. ನಿನ್ನ ಒಂದು ವರ್ಷ ತಿಂದೆ ನಾನು. ನೀ ರಿಪೋರ್ಟಿನಾಗ ನನ್ನ ಬಗ್ಗೆ ಒಂದು ಮಾತು ಬರದು ಹಾಕಿದ್ರ ನಿನ್ನ ಕೆಲಸ ಆಗ್ತಿತ್ತು, ಸಮ್ರೀನ ಹೇಳ್ಯಾಳ.

ಕೆಂಪು ದಾರದ ಕಟ್ಟು ಶಂಕ್ರವ್ವಂದು. ನನ್ನ ಕಣ್ಣು ಆದ ಮ್ಯಾಲ ಖುಷಿಲೆ ಮನಿಗೆ ಬಂದಿದ್ಲು. ತುಳಜಾಗ ನಂದೂ ಒಂದು ಕಟ್ಟು ಇರಲಿ, ಎಷ್ಟೋ ವರ್ಷದಿಂದ ಇದನ್ನ ಮಾಡೇನಿ ಅಂತ ಹಟ ಮಾಡಿ ಕುಂತ್ಲು. ನಾ ಚಾ ಮಾಡಾಕ ಎದ್ದೆ, ಆಕಿ ಬರದು ಕಟ್ಟಿದ್ಲು. ನಾ ಬಿಚ್ಚಿ ನೋಡಲಿಲ್ಲ.

ನಿನ್ನ ಪತ್ರ ಬಂದ ಮರುದಿನ ಫ್ಯಾಕ್ಟರಿಯಾಗ ಆಕಿ ಬಳಿ ಬಡಿಯೂದು ಕೇಳ್ಕೋತ ಹಾಳಿ ನೋಡಿದೆ. ರೂಢಿ ಬಿಟ್ಟಿಲ್ಲ ಆಕಿ, ಇನ್ನೂ ನನಗ ಬಡೀತಾಳ. ಸ್ವಚ್ಛ ಹಾಳಿಗೆ ಎರಡು ಬಡದ್ಲು. ಕಲಿ ಇದ್ದದ್ದಕ್ಕ ಒಂದು ಬಡದ್ಲು. ಯಾವಾಗಿಂದ ಹಿಂಗ ಐತೋ ಯಾರಿಗೆ ಗೊತ್ತು, ಕಾಣದಾಕಿ ನಾ ನಂಬಿ ಬರೀತಿದ್ದೆ. ಕಣ್ಣು ಕಾಣವಲ್ದೇನು ಅಂತ ಕೇಳಿದ್ರ ಒಪ್ಪಂಗಿಲ್ಲ, ನಾನೂ ಒಪ್ಪಿದ್ದಿಲ್ಲ.

ಆ ಕಟ್ಟಿಗೆ ನಾ ಮತ್ತ ಗುರುತು ಹಾಕಿ ದುರ್ಗಪ್ಪನ ಕೈಯಾಗ ಕೊಟ್ಟೇನಿ. ಮ್ಯಾಲ ಕೆಂಪು ದಾರ ಹಂಗ ಕಟ್ಟೇನಿ. ಆಕಿ ಕೇಳಿದ್ರ, ನಿಂದ ಎಲ್ಲಾಕ್ಕಿಂತ ಛಲೋ ಬಂತು ಶಂಕ್ರವ್ವಾ ಅಂತ ಹೇಳು.

ಹಳಿಯಾಳದ ಕ್ಯಾಂಪ್ ಮತ್ತ ಯಾವಾಗ ಐತಿ ಲಗೂನ ಬರಿ. ಆಕಿನ್ನ ಎತ್ತಿ ಬಸ್ಸಿಗೆ ಹಾಕಾಕ ನೀ ಬರಬೇಕಾಗ್ತೈತಿ. ಅಲ್ಲೀ ತನಕ ಮೇಜಿನ ಮ್ಯಾಲ ಬಳಿ ನಾ ಬಡೀತೇನಿ.

ಹಬೀಬಾ